ರಾತ್ರಿ ಮೂರು ಸಲ ಏಳ್ತೀರಾ?

ಜಯನಗರದಿಂದ ಲಾಲ್‌ಬಾಗ್‌ಗೆ ವಾಕಿಂಗ್ ಬರೋ ಎಷ್ಟೋ ಹಿರಿಯರು ಟಾಯ್ಲೆಟ್ ಎಲ್ಲಿದೆ ಅಂತ ನೋಡ್ಕೊಂಡೇ ದಾರಿ ಹಿಡೀತಾರೆ. ಕೇಳಿದ್ರೆ, "ವಯಸ್ಸಾಯ್ತಲ್ಲಪ್ಪ, ಇದ್ದದ್ದೇ!"

ಇದ್ದದ್ದೇ ಅಂತ ಬಿಡಬೇಡಿ. ಯುರಾಲಜಿಸ್ಟ್ ಹತ್ರ ಹೋಗೋ ಮುಂಚೆ ಮೂರು ದಿನ ಲೆಕ್ಕ ಬರೆದಿಡಿ. ಯಾವಾಗ ಏನು ಕುಡಿದ್ರಿ, ಯಾವಾಗ ಹೋದ್ರಿ, ಎಷ್ಟು ಎಂ.ಎಲ್. ಅಳತೆ ಗೆರೆ ಇರೋ ಪ್ಲಾಸ್ಟಿಕ್ ಮಗ್ಗು ಸಾಕು. ಬೈ-ಟು ಕಾಫಿನೂ ಬರೀರಿ, ಮುಚ್ಚಿಡಬೇಡಿ! ರಾತ್ರಿ ಎದ್ದಾಗೆಲ್ಲ 400 ಎಂ.ಎಲ್. ಹೋಗ್ತಿದ್ರೆ ತೊಂದರೆ ಮೂತ್ರಕೋಶದ್ದೇ ಆಗಿರಬೇಕಿಲ್ಲ. ಶುಗರ್, ಕಾಲಿನ ಊತ, ಗೊರಕೆ ಎಲ್ಲ ವಿಚಾರಿಸಬೇಕಾಗುತ್ತೆ. ಬರೀ 80 ಎಂ.ಎಲ್. ಆದ್ರೆ ಕತೆನೇ ಬೇರೆ, ಆಗ ಮೂತ್ರಕೋಶದ ಕಡೆನೂ ನೋಡಬೇಕು.

ಗಂಡಸರಿಗೆ ಪ್ರಾಸ್ಟೇಟ್ ದೊಡ್ಡದಾಗಿದೆ ಅಂದ್ರೆ ತಕ್ಷಣ ಆಪರೇಷನ್ ಅಂತಲ್ಲ. ಗಾತ್ರ ಒಂದೇ ನೋಡಿ ಹೆದರಬೇಡಿ, ಹೋಗಿ ಬಂದ ಮೇಲೂ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನ್ ರಿಪೋರ್ಟಲ್ಲಿ ನೋಡಿ. ಇದಕ್ಕೆ ಟ್ಯಾಮ್ಸುಲೋಸಿನ್ ಮಾತ್ರೆ ಬರೆದ್ರೆ ಎದ್ದು ನಿಂತಾಗ ತಲೆ ಸುತ್ತಬಹುದು. ಕಣ್ಣಿನ ಪೊರೆ ಆಪರೇಷನ್ ಇದ್ರೆ ಆ ಡಾಕ್ಟರಿಗೂ ಈ ಮಾತ್ರೆ ವಿಷಯ ಹೇಳಲೇಬೇಕು. ಹೆಂಗಸರಿಗೆ ಕೆಮ್ಮಿದಾಗ, ಸೀನಿದಾಗ ಸೋರಿದ್ರೆ ಮೊದಲು ಕೆಗೆಲ್ ವ್ಯಾಯಾಮ (ಮೂತ್ರ ತಡೆಯೋ ಸ್ನಾಯು ಬಿಗಿಹಿಡಿದು ಬಿಡೋದು), ಅದೂ ಮೂರು ತಿಂಗಳು ಬಿಡದೆ.

ಆಪರೇಷನ್ ಅಂದ್ರೆ ಒಂದೇ ಪ್ರಶ್ನೆ ಕೇಳಿ: "ಆರು ತಿಂಗಳು ಕಾದ್ರೆ ಏನಾಗುತ್ತೆ, ಡಾಕ್ಟ್ರೇ?"

ಮೂತ್ರದಲ್ಲಿ ರಕ್ತ ಬಂದ್ರೆ, ಪೂರ್ತಿ ಕಟ್ಕೊಂಡ್ರೆ ಮಾತ್ರ ಲೆಕ್ಕಗಿಕ್ಕ ಬೇಡ, ಅವತ್ತೇ ಹೋಗಿ.

ಖರ್ಚಿನ ಯೋಚನೆನಾ? ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಬನಶಂಕರಿಯಲ್ಲಿ ಹಸಿರು ಮೆಟ್ರೋ ಹತ್ತಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳೀರಿ.