ಮೋಟಾರು ಸೈಕಲಿಗೆ ಹಿಂಚಲನೆಯ ಗೇರು

ಕಳೆದ ವಾರ್ಷಿಕೋತ್ಸವದ ಸಂಜೆ ನಮ್ಮ ಪಾಠಶಾಲೆಯ ಅಂಗಳದಲ್ಲಿ ನಡೆದ ಒಂದು ಸಂಗತಿಯೇ ಈ ಲೇಖನಕ್ಕೆ ಕಾರಣವಾಯಿತು. ವಿದ್ಯಾರ್ಥಿನಿಯೊಬ್ಬಳ ತಂದೆಯವರು ದೂರ ಪ್ರಯಾಣಕ್ಕೆಂದು ನಿರ್ಮಿತವಾದ ಭಾರಿ ಮೋಟಾರು ಸೈಕಲನ್ನೇರಿ ಬಂದು, ಅದನ್ನು ಇಳಿಜಾರಿನ ಕೆಳಗೆ ಗೋಡೆಗೆ ಮುಖಮಾಡಿ ನಿಲ್ಲಿಸಿದ್ದರು. ಹೊರಡುವಾಗ ಅದನ್ನು ಹಿಂದಕ್ಕೆ ತಳ್ಳಹೋಗಿ, ಜಲ್ಲಿಯ ಮೇಲೆ ಅವರ ಕಾಲು ಜಾರಿ, ವಾಹನವು ಒಂದು ಮಗ್ಗುಲಿಗೆ ವಾಲಿತು. ಹತ್ತಿರವಿದ್ದ ಇಬ್ಬರು ಓಡಿಬಂದು ಹಿಡಿಯದೆ ಇದ್ದಿದ್ದರೆ ಅವರ ಕಾಲು ಅದರ ಅಡಿಯಲ್ಲಿ ಸಿಕ್ಕುತ್ತಿದ್ದಿತು. ಇದನ್ನು ಕಂಡ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು, “ಟೀಚರ್, ಆಟೋರಿಕ್ಷಾ ಹಿಂದಕ್ಕೆ ಹೋಗುತ್ತದಲ್ಲಾ, ಇದೇಕೆ ಹೋಗುವುದಿಲ್ಲ?” ಎಂದು ಕೇಳಿದಳು. ಪ್ರಶ್ನೆಯು ಯೋಗ್ಯವಾದುದು. ಅದರ ಉತ್ತರವನ್ನು ಇಲ್ಲಿ ನಮಗೆ ತಿಳಿದ ಮಟ್ಟಿಗೆ ವಿವರಿಸುವೆವು.

ಮೊದಲು ಭಾರದ ಲೆಕ್ಕವನ್ನು ನೋಡೋಣ. ಈ ಬಗೆಯ ವಾಹನಗಳಲ್ಲಿ ಕೆಲವು 350 ಕಿಲೋಗ್ರಾಮಿಗೂ ಮೀರಿ ತೂಗುವುವು. ಸವಾರನೂ ಪೆಟ್ಟಿಗೆಗಳೂ ಸೇರಿ ಒಟ್ಟು 450 ಕಿಲೋಗ್ರಾಮ್ ಎಂದಿಟ್ಟುಕೊಳ್ಳಿರಿ. ನೂರು ಅಡಿಗೆ ಐದು ಅಡಿ ಏರುವ ನೆಲದಲ್ಲಿ ಅದನ್ನು ಹಿಮ್ಮೆಟ್ಟಿಸಲು ಸುಮಾರು 22 ಕಿಲೋಗ್ರಾಮ್ ತೂಕದಷ್ಟು ಬಲವು ನಿರಂತರವಾಗಿ ಬೇಕಾಗುವುದು. ಹತ್ತು ಅಡಿ ಏರಿದರೆ ಅದರ ಎರಡರಷ್ಟು. ಆಸನದ ಮೇಲೆ ಕುಳಿತು, ಎರಡು ಪಾದಗಳ ತುದಿಯಿಂದ ನೆಲವನ್ನೊದೆಯುವವನಿಗೆ ಇದು ಸುಲಭವಲ್ಲ. ಗಿಡ್ಡ ಕಾಲಿನವರಿಗೂ ವಯಸ್ಸಾದವರಿಗೂ ಅಸಾಧ್ಯವೇ ಸರಿ.

ಇನ್ನು ಹಿಂಚಲನೆಯು ಹೇಗಾಗುವುದೆಂಬುದನ್ನು ನೋಡೋಣ. ಹಲ್ಲುಗಳುಳ್ಳ ಎರಡು ಚಕ್ರಗಳನ್ನು ಒಂದಕ್ಕೊಂದು ಹೊಂದಿಸಿದರೆ, ಒಂದು ಬಲಕ್ಕೆ ತಿರುಗುವಾಗ ಮತ್ತೊಂದು ಎಡಕ್ಕೆ ತಿರುಗುವುದು. ಅವೆರಡರ ನಡುವೆ ಮೂರನೆಯದೊಂದನ್ನು ಸೇರಿಸಿದರೆ, ಕೊನೆಯದು ಮೊದಲನೆಯದರ ದಿಕ್ಕಿನಲ್ಲಿಯೇ ತಿರುಗುವುದು. ಈ ನಡುವಣ ಚಕ್ರವೇ ಹಿಂಚಲನೆಯ ಗೇರಿನ ಗುಟ್ಟು. ಪಕ್ಕದ ತೊಟ್ಟಿಲನ್ನು ಹೊತ್ತ ಮೋಟಾರು ಸೈಕಲುಗಳಲ್ಲಿ ಇದನ್ನು ಬಹುಕಾಲದ ಹಿಂದೆಯೇ ಅಳವಡಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯು ಬಳಸಿದ ಬಿ.ಎಂ.ಡಬ್ಲ್ಯು. ಆರ್ 75 ಎಂಬುದರಲ್ಲಿ ಹಿಂಚಲನೆಯ ಗೇರು ಇದ್ದಿತು. ನಮ್ಮ ಬೀದಿಗಳ ಆಟೋರಿಕ್ಷಾದಲ್ಲಿಯೂ ಅದಿರುವುದು. ಇವೆಲ್ಲಕ್ಕೂ ಮೂರು ಚಕ್ರಗಳಿರುವುದರಿಂದ ಬೀಳುವ ಭಯವಿಲ್ಲ.

ಎರಡೇ ಚಕ್ರಗಳ ವಾಹನದ ಗತಿ ಬೇರೆ. ಮುಂದಕ್ಕೆ ಸಾಗುವಾಗ ಅದರ ಮುಂಚಕ್ರವು ತಾನಾಗಿಯೇ ನೆಟ್ಟಗಾಗುವಂತೆ ರಚಿತವಾಗಿದೆ. ಹಿಂದಕ್ಕೆ ಸಾಗುವಾಗ ಆ ಗುಣವೇ ತಿರುಗುಮುರುಗಾಗಿ ಹಿಡಿಯು ಪಕ್ಕಕ್ಕೆ ಹೊರಳಲೆಳಸುವುದು. ಆದುದರಿಂದ ಎಂಜಿನಿನ ಪೂರ್ಣಬಲವನ್ನು ಹಿಂದಕ್ಕೆ ಕೊಟ್ಟರೆ ಸವಾರನು ಬೀಳುವನು. ಇಲ್ಲಿ ಬೇಕಾದುದು ವೇಗವಲ್ಲ. ಕಾಲುಗಳು ನೆಲವನ್ನು ಬಿಡದಷ್ಟು ಮಂದವಾದ, ಆದರೆ ದೃಢವಾದ ಎಳೆತ.

ಜಪಾನಿನ ಹೋಂಡಾ ಸಂಸ್ಥೆಯವರು 1988ರಲ್ಲಿ ಹೊರತಂದ ಆರು ಸಿಲಿಂಡರಿನ ಗೋಲ್ಡ್ ವಿಂಗ್ ವಾಹನದಲ್ಲಿ ಇದಕ್ಕೊಂದು ಜಾಣ್ಮೆಯ ಉಪಾಯವನ್ನು ಮಾಡಿದರು. ಎಂಜಿನನ್ನು ಚಾಲೂ ಮಾಡಲು ಹೇಗೂ ಒಂದು ವಿದ್ಯುತ್ ಮೋಟಾರು ಇರುವುದಷ್ಟೆ. ಆ ಬಳಿಕ ಅದಕ್ಕೆ ಕೆಲಸವಿಲ್ಲ. ಅದನ್ನೇ ಹಲ್ಲುಚಕ್ರಗಳ ಮೂಲಕ ಹಿಂಚಕ್ರಕ್ಕೆ ಜೋಡಿಸಿದರು. ಹಲ್ಲುಚಕ್ರಗಳು ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವುವು. ಸವಾರನು ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಸನ್ನೆಯನ್ನು ಸರಿಸಿ, ಗುಂಡಿಯನ್ನೊತ್ತಿದರೆ ವಾಹನವು ಮೆಲ್ಲನೆ ಹಿಂಜರಿಯುವುದು. ಬೆರಳನ್ನು ತೆಗೆದೊಡನೆ ನಿಲ್ಲುವುದು. ಪಕ್ಕದ ಊರೆಗಾಲು ಕೆಳಗಿದ್ದರೆ ಅದು ಕದಲುವುದೇ ಇಲ್ಲ. ಬಿ.ಎಂ.ಡಬ್ಲ್ಯು. ಸಂಸ್ಥೆಯವರೂ ಕೆ 1200 ಎಲ್.ಟಿ. ಎಂಬ ತಮ್ಮ ಪ್ರವಾಸಿ ವಾಹನದಲ್ಲಿ ಇದೇ ಮಾರ್ಗವನ್ನು ಅನುಸರಿಸಿದರು.

ಹಿಂಚಲನೆಯಿಲ್ಲದ ವಾಹನಕ್ಕೆ ಅದನ್ನು ಆಮೇಲೆ ಸೇರಿಸಬಹುದೇ? ಯಂತ್ರದ ದೃಷ್ಟಿಯಿಂದ ಸಾಧ್ಯವುಂಟು: ಗೇರುಪೆಟ್ಟಿಗೆಯನ್ನೇ ಬದಲಿಸಬಹುದು, ಇಲ್ಲವೆ ಬೇರೊಂದು ಸಣ್ಣ ವಿದ್ಯುತ್ ಮೋಟಾರನ್ನು ಹಿಂಚಕ್ರಕ್ಕೆ ಹೊಂದಿಸಬಹುದು. ಆದರೆ ಬ್ಯಾಟರಿಯು ಆ ಹೊರೆಯನ್ನು ತಾಳಬೇಕು. ಮೋಟಾರು ಕಾಯುವುದರಿಂದ ಕ್ಷಣಕಾಲವೇ ನಡೆಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮುಂದೋಡುತ್ತಿರುವಾಗ ಅದು ಎಂದಿಗೂ ಸಿಕ್ಕಿಕೊಳ್ಳದಂತೆ ತಡೆಯಿರಬೇಕು. ಆ ತಡೆಯಿಲ್ಲದ ಹಿಂಚಲನೆಯು ಸಹಾಯಕ್ಕಿಂತ ಅಪಾಯವನ್ನೇ ತರುವುದು. ಅಲ್ಲದೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ನಿಷೇಧಿಸಿದೆ. ಪೋಷಕರು ಸಾರಿಗೆ ಕಚೇರಿಯಲ್ಲಿ ವಿಚಾರಿಸದೆ ಕೈಹಾಕಬಾರದು.

ವಿದ್ಯುತ್ತಿನಿಂದಲೇ ಓಡುವ ಸ್ಕೂಟರುಗಳಿಗೆ ಈ ಕಷ್ಟವಿಲ್ಲ. ಅವುಗಳ ಮೋಟಾರನ್ನೇ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಸಾಕು. ಬೆಂಗಳೂರಿನ ಏಥರ್ ಸಂಸ್ಥೆಯವರು 2018ರಲ್ಲಿ ಹೊರತಂದ ಸ್ಕೂಟರಿನಲ್ಲಿಯೇ ಈ ಸೌಕರ್ಯವಿದ್ದಿತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಸ್ಕೂಟರಿನಲ್ಲಿ ಸಂಚರಿಸುವವರಾದುದರಿಂದ ಇದನ್ನು ಹೇಳಿದೆವು.

ಹಿಂಚಲನೆಯಿಲ್ಲದ ವಾಹನವುಳ್ಳವರಿಗೆ ಖರ್ಚಿಲ್ಲದ ಉಪಾಯವೊಂದುಂಟು. ನಿಲ್ಲಿಸುವಾಗಲೇ ಹೊರಡುವ ದಾರಿಯನ್ನು ನೋಡಿಕೊಂಡು, ಇಳಿಜಾರಿನ ಕಡೆಗೆ ಮುಖಮಾಡದೆ ಏರಿನ ಕಡೆಗೆ ಮುಖಮಾಡಿ ನಿಲ್ಲಿಸತಕ್ಕದ್ದು. ಆಗ ವಾಹನದ ಭಾರವೇ ಅದನ್ನು ಹಿಂದಕ್ಕೆ ತರುವುದು, ಬ್ರೇಕನ್ನು ಹಿಡಿದಿದ್ದರೆ ಸಾಕು. ಬರುವ ವಾರ್ಷಿಕೋತ್ಸವಕ್ಕೆ ದಯಮಾಡಿಸುವ ಪೋಷಕರು ನಮ್ಮ ಅಂಗಳದಲ್ಲಿ ಇದನ್ನು ನೆನಪಿಡಬೇಕೆಂದು ಬೇಡುವೆವು.