ಕ್ಲಚ್ ಜಾರುವಿಕೆ (ರೇಸಿಂಗ್ ಮೋಟಾರ್‌ಸೈಕಲ್)

ಕ್ಲಚ್ ಜಾರುವಿಕೆ ಎಂದರೆ ಮೋಟಾರ್‌ಸೈಕಲ್‌ನ ಕ್ಲಚ್ ಲಿವರನ್ನು ಪೂರ್ಣವಾಗಿ ಬಿಟ್ಟಿರುವಾಗಲೂ ಕ್ಲಚ್ ಫಲಕಗಳು ಒಂದನ್ನೊಂದು ಬಿಗಿಯಾಗಿ ಹಿಡಿಯದೆ, ಎಂಜಿನ್ ಶಕ್ತಿಯ ಒಂದು ಭಾಗವು ಹಿಂಚಕ್ರವನ್ನು ತಲುಪದೆ ಶಾಖವಾಗಿ ನಷ್ಟವಾಗುವ ದೋಷ. ಸ್ಪರ್ಧೆಯ ವಾಹನಗಳಲ್ಲಿ ಹೆಚ್ಚಿನ ಟಾರ್ಕ್, ಪದೇ ಪದೇ ನಡೆಯುವ ಬಿರುಸಿನ ಆರಂಭಗಳು ಹಾಗೂ ಏರಿದ ತೈಲದ ಉಷ್ಣತೆಯಿಂದಾಗಿ ಈ ದೋಷವು ರಸ್ತೆಯ ವಾಹನಗಳಿಗಿಂತ ಬೇಗ ಕಾಣಿಸಿಕೊಳ್ಳುತ್ತದೆ. ಒಮ್ಮೆ ಆರಂಭವಾದ ಜಾರುವಿಕೆ ತಾನಾಗಿ ನಿಲ್ಲುವುದಿಲ್ಲ. ಜಾರುವಿಕೆ ಶಾಖವನ್ನೂ, ಶಾಖವು ಮತ್ತಷ್ಟು ಜಾರುವಿಕೆಯನ್ನೂ ಹುಟ್ಟಿಸುತ್ತದೆ.

ರಚನೆ ಮತ್ತು ಕಾರ್ಯ

ಬಹುಪಾಲು ಮೋಟಾರ್‌ಸೈಕಲ್‌ಗಳಲ್ಲಿ ತೈಲದಲ್ಲಿ ಮುಳುಗಿರುವ ಬಹುಫಲಕ ಕ್ಲಚ್ ಇರುತ್ತದೆ. ಎಂಜಿನ್‌ನಿಂದ ತಿರುಗುವ ಬುಟ್ಟಿಯಾಕಾರದ ಹೊರಕವಚಕ್ಕೆ ಘರ್ಷಣ ಫಲಕಗಳೂ, ಗೇರ್‌ಪೆಟ್ಟಿಗೆಯ ದಂಡಕ್ಕೆ ಜೋಡಿಸಿದ ಒಳಗುಂಬಕ್ಕೆ ಉಕ್ಕಿನ ಫಲಕಗಳೂ ಸಿಕ್ಕಿಕೊಂಡಿರುತ್ತವೆ. ಇವು ಒಂದರ ಪಕ್ಕದಲ್ಲಿ ಒಂದು ಇದ್ದು, ಒತ್ತುಫಲಕವು ಸ್ಪ್ರಿಂಗ್‌ಗಳ ಬಲದಿಂದ ಇವನ್ನು ಅದುಮಿ ಹಿಡಿಯುತ್ತದೆ.

ಕ್ಲಚ್ ಜಾರದೆ ಸಾಗಿಸಬಲ್ಲ ಟಾರ್ಕ್ ನಾಲ್ಕು ಅಂಶಗಳ ಗುಣಲಬ್ಧ: ಘರ್ಷಣ ಮೇಲ್ಮೈಗಳ ಸಂಖ್ಯೆ, ಘರ್ಷಣಾಂಕ, ಸ್ಪ್ರಿಂಗ್‌ಗಳ ಒಟ್ಟು ಬಲ ಮತ್ತು ಫಲಕದ ಸರಾಸರಿ ತ್ರಿಜ್ಯ. ಉದಾಹರಣೆಗೆ 7 ಘರ್ಷಣ ಫಲಕಗಳಿಂದ 14 ಮೇಲ್ಮೈಗಳು, 0.12 ಘರ್ಷಣಾಂಕ, 1500 ನ್ಯೂಟನ್ ಬಲ ಮತ್ತು 0.055 ಮೀಟರ್ ತ್ರಿಜ್ಯ ಇದ್ದರೆ ಕ್ಲಚ್ ಸುಮಾರು 139 ನ್ಯೂಟನ್-ಮೀಟರ್ ಹಿಡಿಯುತ್ತದೆ. ಎಂಜಿನ್‌ನ ಟಾರ್ಕ್ 60 ನ್ಯೂಟನ್-ಮೀಟರ್, ಪ್ರಾಥಮಿಕ ಗೇರ್ ಅನುಪಾತ 2 ಆಗಿದ್ದರೆ ಕ್ಲಚ್ ಮೇಲೆ ಬೀಳುವುದು 120 ನ್ಯೂಟನ್-ಮೀಟರ್. ಆದ್ದರಿಂದ ಜಾರುವಿಕೆ ಇಲ್ಲ. ತಪ್ಪು ತೈಲದಿಂದಲೋ ಅತಿಶಾಖದಿಂದಲೋ ಘರ್ಷಣಾಂಕವು 0.09ಕ್ಕೆ ಇಳಿದರೆ ಹಿಡಿತವು 104ಕ್ಕೆ ಕುಸಿದು ಕ್ಲಚ್ ಜಾರುತ್ತದೆ. ಆಗ ಎರಡೂ ಬದಿಗಳ ನಡುವೆ ನಿಮಿಷಕ್ಕೆ ಸುಮಾರು 480 ಸುತ್ತುಗಳ ವ್ಯತ್ಯಾಸವಿದ್ದರೆ 5 ಕಿಲೋವ್ಯಾಟ್‌ಗೂ ಹೆಚ್ಚಿನ ಶಕ್ತಿ ಫಲಕಗಳಲ್ಲಿಯೇ ಶಾಖವಾಗುತ್ತದೆ.

ಲಕ್ಷಣಗಳು ಮತ್ತು ಪರೀಕ್ಷೆ

ಮೇಲಿನ ಗೇರ್‌ನಲ್ಲಿ ಮಧ್ಯಮ ವೇಗದಲ್ಲಿರುವಾಗ ಥ್ರಾಟಲನ್ನು ಪೂರ್ಣ ತೆರೆದಾಗ ಎಂಜಿನ್‌ನ ಸುತ್ತುಗಳು ಏರಿ, ವಾಹನದ ವೇಗ ಅದಕ್ಕೆ ತಕ್ಕಂತೆ ಏರದಿರುವುದು ಮುಖ್ಯ ಲಕ್ಷಣ. ಸುಟ್ಟ ವಾಸನೆ, ಕಪ್ಪಾದ ತೈಲ ಮತ್ತು ಕ್ಲಚ್ ಹಿಡಿಯುವ ಬಿಂದುವಿನ ಬದಲಾವಣೆ ಇತರ ಸೂಚನೆಗಳು. ಹಿಂಚಕ್ರವು ನೆಲದ ಮೇಲೆ ಜಾರುವುದನ್ನು ಕ್ಲಚ್ ದೋಷವೆಂದು ತಪ್ಪಾಗಿ ತಿಳಿಯುವ ಸಾಧ್ಯತೆ ಇದೆ. ದತ್ತಾಂಶ ದಾಖಲಿಸುವ ಸಾಧನವಿರುವ ವಾಹನಗಳಲ್ಲಿ ಈ ಗೊಂದಲ ಸುಲಭವಾಗಿ ಬಗೆಹರಿಯುತ್ತದೆ: ಪ್ರತಿ ಗೇರ್‌ನಲ್ಲಿಯೂ ಎಂಜಿನ್ ಸುತ್ತು ಮತ್ತು ಹಿಂಚಕ್ರದ ಸುತ್ತುಗಳ ಅನುಪಾತ ಸ್ಥಿರವಾಗಿರಬೇಕು. ಚಕ್ರ ಜಾರಿದರೂ ಈ ಅನುಪಾತ ಬದಲಾಗುವುದಿಲ್ಲ; ಕ್ಲಚ್ ಜಾರಿದರೆ ಮಾತ್ರ ಬದಲಾಗುತ್ತದೆ.

ಕಾರಣಗಳು

ಅತಿ ಸರಳವಾದ ಕಾರಣವೆಂದರೆ ಕೇಬಲ್‌ನಲ್ಲಿ ಸಡಿಲಿಕೆ ಇಲ್ಲದಿರುವುದು. ಘರ್ಷಣ ಫಲಕಗಳು ಸವೆದಂತೆ ಈ ಸಡಿಲಿಕೆ ಕಡಿಮೆಯಾಗಿ, ಕೊನೆಗೆ ಕೇಬಲ್ ತಾನೇ ಒತ್ತುಫಲಕವನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಹೈಡ್ರಾಲಿಕ್ ಕ್ಲಚ್‌ಗಳಲ್ಲಿ ಮಾಸ್ಟರ್ ಸಿಲಿಂಡರ್‌ನ ಮರುಹರಿವಿನ ರಂಧ್ರ ಕಟ್ಟಿಕೊಂಡರೆ, ದ್ರವವು ಬಿಸಿಯಾಗಿ ಹಿಗ್ಗಿದಾಗ ಇದೇ ಪರಿಣಾಮ ಉಂಟಾಗುತ್ತದೆ.

ಎರಡನೆಯ ಕಾರಣ ತೈಲ. ಇಂಧನ ಉಳಿತಾಯಕ್ಕಾಗಿ ಘರ್ಷಣೆಯನ್ನು ತಗ್ಗಿಸುವ ಸೇರ್ಪಡೆಗಳಿರುವ ಕಾರಿನ ತೈಲಗಳು ಮುಳುಗಿದ ಕ್ಲಚ್‌ಗೆ ಸಲ್ಲವು. ಜಪಾನಿನ ಜಾಸೊ ಸಂಸ್ಥೆಯು 1998ರಲ್ಲಿ ನಾಲ್ಕು ಸ್ಟ್ರೋಕ್ ಮೋಟಾರ್‌ಸೈಕಲ್ ತೈಲಗಳಿಗಾಗಿ ಟಿ 903 ಮಾನದಂಡವನ್ನು ರೂಪಿಸಿತು. ಇದರಲ್ಲಿ ಎಂಎ ದರ್ಜೆಯ ತೈಲಗಳು ಮುಳುಗಿದ ಕ್ಲಚ್‌ಗೆ ತಕ್ಕವು. ಎಂಬಿ ದರ್ಜೆಯವು ಕಡಿಮೆ ಘರ್ಷಣೆಯವಾಗಿದ್ದು ಇಂತಹ ಕ್ಲಚ್‌ಗೆ ತಕ್ಕವಲ್ಲ.

ಫಲಕಗಳ ಸವೆತ, ಅತಿಶಾಖದಿಂದ ಮೇಲ್ಮೈ ಗಾಜಿನಂತೆ ನುಣುಪಾಗುವುದು, ಉಕ್ಕಿನ ಫಲಕಗಳ ಬಾಗುವಿಕೆ ಮತ್ತು ಸ್ಪ್ರಿಂಗ್‌ಗಳು ಬಲಗುಂದುವುದು ಉಳಿದ ಕಾರಣಗಳು. ಎಂಜಿನ್‌ನ ಶಕ್ತಿಯನ್ನು ಹೆಚ್ಚಿಸಿ ಕ್ಲಚ್ಚನ್ನು ಹಾಗೆಯೇ ಬಿಟ್ಟಲ್ಲಿ, ಯಾವ ಭಾಗವೂ ಕೆಡದೆ ಕ್ಲಚ್ ಜಾರಬಹುದು.

ದುರಸ್ತಿಯ ಕ್ರಮ

ಮೊದಲು ಕೇಬಲ್‌ನ ಸಡಿಲಿಕೆಯನ್ನು ಸರಿಪಡಿಸಿ ಮತ್ತೆ ಪರೀಕ್ಷಿಸಬೇಕು. ಅನೇಕ ವಾಹನಗಳಲ್ಲಿ ಲಿವರ್‌ನ ತುದಿಯಲ್ಲಿ ಇದು 10ರಿಂದ 15 ಮಿಲಿಮೀಟರ್ ಇರುತ್ತದೆ. ದೋಷ ಉಳಿದರೆ ಮಾತ್ರ ಕ್ಲಚ್ಚನ್ನು ಬಿಚ್ಚಲಾಗುತ್ತದೆ.

1. ಎಂಜಿನ್ ತಣಿದ ನಂತರ ತೈಲವನ್ನು ಬಸಿದು, ಹೊರಮುಚ್ಚಳವನ್ನು ತೆಗೆಯಬೇಕು.
2. ಸ್ಪ್ರಿಂಗ್ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಒಂದೇ ಬದಿಯನ್ನು ಬಿಚ್ಚಿದರೆ ಒತ್ತುಫಲಕ ಓರೆಯಾಗಿ ಬಿರುಕು ಬಿಡಬಹುದು.
3. ಫಲಕಗಳನ್ನು ಹೊರತೆಗೆದ ಕ್ರಮದಲ್ಲಿಯೇ ಜೋಡಿಸಿಡಬೇಕು.
4. ಘರ್ಷಣ ಫಲಕಗಳ ದಪ್ಪವನ್ನು ವರ್ನಿಯರ್‌ನಿಂದ ಹಲವು ಕಡೆ ಅಳೆದು, ತಯಾರಕರ ಕೈಪಿಡಿಯ ಮಿತಿಯೊಂದಿಗೆ ಹೋಲಿಸಬೇಕು. ಹೊಸ ಫಲಕಕ್ಕೂ ಮಿತಿಗೂ ನಡುವಿನ ಅಂತರ ಮಿಲಿಮೀಟರ್‌ನ ಕೆಲವು ದಶಾಂಶ ಮಾತ್ರ.
5. ಉಕ್ಕಿನ ಫಲಕಗಳನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಫೀಲರ್ ಗೇಜ್‌ನಿಂದ ಬಾಗುವಿಕೆಯನ್ನು ನೋಡಬೇಕು. ನೀಲಿಗಟ್ಟಿದ ಫಲಕಗಳು ಅತಿಶಾಖಕ್ಕೆ ಒಳಗಾದವು.
6. ಸ್ಪ್ರಿಂಗ್‌ಗಳ ಉದ್ದವನ್ನು ಅಳೆದು, ಒಂದು ಮಿತಿಗಿಂತ ಕುಗ್ಗಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕು.
7. ಹೊಸ ಘರ್ಷಣ ಫಲಕಗಳನ್ನು ಜೋಡಿಸುವ ಮುನ್ನ ಎಂಜಿನ್ ತೈಲದಲ್ಲಿ ಕೆಲವು ಗಂಟೆ ನೆನೆಸಬೇಕು.
8. ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ನಿಗದಿತ ಮಟ್ಟಕ್ಕೆ ಬಿಗಿದು, ಕೇಬಲ್ಲನ್ನು ಮತ್ತೆ ಹೊಂದಿಸಬೇಕು.

ಎರಡು ಓಟಗಳ ನಡುವೆ ಸಮಯವಿಲ್ಲದಾಗ ನುಣುಪಾದ ಫಲಕಗಳನ್ನು ಮರಳುಕಾಗದದಿಂದ ಉಜ್ಜುವುದುಂಟು. ಇದು ತಾತ್ಕಾಲಿಕ ಪರಿಹಾರ. ಸ್ಪ್ರಿಂಗ್‌ಗಳ ಕೆಳಗೆ ವಾಷರ್ ಇಟ್ಟು ಬಲವನ್ನು ಹೆಚ್ಚಿಸುವ ಪದ್ಧತಿಯಲ್ಲಿ ಅಪಾಯವಿದೆ. ವಾಷರ್ ಹೆಚ್ಚು ದಪ್ಪವಾದರೆ ಲಿವರ್ ಒತ್ತಿದಾಗ ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ತಾಗಿ, ಕ್ಲಚ್ ಪೂರ್ಣವಾಗಿ ಬಿಡುವುದಿಲ್ಲ. ಜಾರುವ ಕ್ಲಚ್‌ನಿಂದ ಓಟ ಸೋಲಬಹುದು. ಬಿಡದ ಕ್ಲಚ್ ಸವಾರನನ್ನೇ ಅಪಾಯಕ್ಕೆ ಒಡ್ಡುತ್ತದೆ.

ಇತರ ಬಗೆಗಳು

ಡುಕಾಟಿ 916ರಂತಹ ವಾಹನಗಳಲ್ಲಿರುವ ಒಣ ಕ್ಲಚ್‌ಗೆ ತೈಲದ ಆಯ್ಕೆಯ ಸಮಸ್ಯೆ ಇಲ್ಲ. ಆದರೆ ಸೀಲ್ ಹಾಳಾಗಿ ತೈಲ ಸೋರಿದರೆ ಫಲಕಗಳು ತಕ್ಷಣ ಜಾರುತ್ತವೆ; ಆಗ ಸೀಲನ್ನು ಬದಲಾಯಿಸದೆ ಫಲಕಗಳನ್ನು ಮಾತ್ರ ಬದಲಾಯಿಸಿ ಪ್ರಯೋಜನವಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ ಮೋಟಾರ್‌ಸೈಕಲ್‌ಗಳಲ್ಲಿ ಗೇರ್ ಪೆಡಲ್ ಒತ್ತಿದಾಗಲೂ ಕ್ಲಚ್ ಬಿಡುವ ವ್ಯವಸ್ಥೆ ಇದ್ದುದರಿಂದ, ಕೇಬಲ್ ಜೊತೆಗೆ ಆ ಹೊಂದಾಣಿಕೆಯನ್ನೂ ಪರಿಶೀಲಿಸಬೇಕಾಗುತ್ತದೆ.

ಸ್ಲಿಪ್ಪರ್ ಕ್ಲಚ್‌ನ ಜಾರುವಿಕೆ ದೋಷವಲ್ಲ. ತಿರುವಿಗೆ ಮುನ್ನ ಗೇರ್ ಇಳಿಸಿದಾಗ ಎಂಜಿನ್‌ನ ತಡೆಯಿಂದ ಹಿಂಚಕ್ರ ಕುಪ್ಪಳಿಸದಂತೆ, ಹಿಂದಿನಿಂದ ಬರುವ ಟಾರ್ಕ್‌ಗೆ ಮಾತ್ರ ಅದು ಉದ್ದೇಶಪೂರ್ವಕವಾಗಿ ಜಾರುತ್ತದೆ. ವೇಗ ಹೆಚ್ಚಿಸುವಾಗಲೂ ಅದು ಜಾರಿದರೆ ಮೇಲಿನ ಪರೀಕ್ಷೆಗಳೇ ಅನ್ವಯಿಸುತ್ತವೆ.