ಮೇಕಪ್ ಕೆಳಗಿನ ತೆಳು ಪದರ

ಕಳೆದ ಏಪ್ರಿಲ್‌ನಲ್ಲಿ ಚಿಂತಾಮಣಿಯಲ್ಲಿ ನಮ್ಮ ಆಪಾಳ ನಿಕಾಹ್ ನಡೆಯಿತು. ಆಲ್ಬಮ್ ಬಂದಾಗ ಮನೆಯವರೆಲ್ಲ ಮದುಮಗಳನ್ನು ನೋಡುತ್ತಿದ್ದರೆ ನಾನು ನನ್ನ ಮುಖವನ್ನೇ ನೋಡುತ್ತಿದ್ದೆ. ಮೆಹಂದಿ ಹಚ್ಚಿದ ಕೈ ಗೋಧಿ ಬಣ್ಣ, ಮುಖ ಮಾತ್ರ ಬೂದಿ ಬಳಿದ ಹಾಗೆ ಬಿಳಿ. ಗದ್ದದ ಹತ್ತಿರ ಫೌಂಡೇಶನ್ ಎದ್ದು, ರಬ್ಬರಿನಿಂದ ಅಳಿಸಿದಾಗ ಬರುವ ಪುಡಿಯಂತೆ ಉಂಡೆಯಾಗಿತ್ತು. ತಪ್ಪು ಸನ್‌ಸ್ಕ್ರೀನ್‌ನದಲ್ಲ, ಅದನ್ನು ಆರಿಸಿ ಹಚ್ಚಿಕೊಂಡ ರೀತಿಯದು. ಅದನ್ನು ನಾನು ಆಮೇಲೆ ಕಲಿತೆ. ಆದರೆ ನನಗೆ ಸನ್‌ಸ್ಕ್ರೀನ್ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು.

ಆಪಾಳ ಮಂಗ್ನಿಯ ದಿನ ಬಂದವರೊಬ್ಬರು, “ಅಕ್ಕ ಇಷ್ಟು ಬೆಳ್ಳಗಿದ್ದಾಳೆ, ತಂಗಿ ಯಾಕೆ ಹೀಗೆ?” ಎಂದರು. ಮಾರನೇ ದಿನವೇ ಅಂಗಡಿಯಿಂದ ಒಂದು ಟ್ಯೂಬ್ ತಂದೆ. ಎರಡೇ ವಾರಕ್ಕೆ ಮುಖ ಹೊಳೆಯಿತು. ಎರಡು ತಿಂಗಳಾಗುವಷ್ಟರಲ್ಲಿ ಕೆನ್ನೆ ಕೆಂಪಾಗಿ, ಬಿಸಿಲಿಗೆ ಹೋದರೆ ಉರಿಯತೊಡಗಿತು. ಅಮ್ಮಿ ನನ್ನನ್ನು ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರ್ ಟ್ಯೂಬಿನ ಹಿಂಬದಿ ಓದಿ, “ಇದು ಕ್ರೀಮ್ ಅಲ್ಲಮ್ಮ, ಔಷಧಿ. ಇದರಲ್ಲಿ ಸ್ಟಿರಾಯ್ಡ್ ಇದೆ” ಎಂದರು. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ ಎಂಬ ಹೆಸರುಗಳು ಟ್ಯೂಬಿನ ಮೇಲಿದ್ದರೆ ಅದನ್ನು ಬೆಳ್ಳಗಾಗಲು ಹಚ್ಚಿಕೊಳ್ಳಬಾರದು. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ತಾವಾಗಿಯೇ ಥಟ್ಟನೆ ನಿಲ್ಲಿಸದೆ ಡಾಕ್ಟರನ್ನು ಕೇಳಬೇಕು. ನನಗೆ ಅವರು ಬರೆದುಕೊಟ್ಟ ಪಟ್ಟಿಯಲ್ಲಿ ಮೊದಲನೆಯದೇ ಸನ್‌ಸ್ಕ್ರೀನ್.

ನಮ್ಮೂರಿನ ಬಿಸಿಲು

ನಂದಿ ಬೆಟ್ಟದಲ್ಲಿ ಚಳಿ ಇದೆ, ಮಂಜಿದೆ, ಅಲ್ಲಿ ಬಿಸಿಲೇನು ಮಾಡೀತು ಎಂದುಕೊಳ್ಳುತ್ತೇವೆ. ಚರ್ಮವನ್ನು ಸುಡುವುದು ಸೆಖೆಯಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ಸಮುದ್ರಮಟ್ಟದಿಂದ ಪ್ರತಿ 1000 ಮೀಟರ್ ಮೇಲೆ ಹೋದಂತೆ ಈ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಚಿಕ್ಕಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಂದಿ ಬೆಟ್ಟದ ತುದಿ 1478 ಮೀಟರ್. ತೆಳು ಮೋಡ ಈ ಕಿರಣಗಳನ್ನು ಹೆಚ್ಚೇನೂ ತಡೆಯುವುದಿಲ್ಲ. ಜೊತೆಗೆ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ, ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಇರುತ್ತಾನೆ. ಒಂದು ಸುಲಭದ ಗುರುತು ನೆನಪಿಡಿ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದರ್ಥ.

ಈ ಕಿರಣಗಳಲ್ಲಿ ನಮ್ಮನ್ನು ಮುಟ್ಟುವುದು ಎರಡು ಬಗೆ. ಯುವಿಬಿ ಚರ್ಮದ ಮೇಲ್ಪದರವನ್ನು ಸುಡುತ್ತದೆ. ಯುವಿಎ ಒಳಗಿಳಿದು ಕಲೆ, ಸುಕ್ಕು ತರುತ್ತದೆ. ಕಿಟಕಿಯ ಗಾಜನ್ನೂ ದಾಟುತ್ತದೆ. ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆ 2012ರಲ್ಲಿ 28 ವರ್ಷ ಟ್ರಕ್ ಓಡಿಸಿದ ಒಬ್ಬ ಚಾಲಕರ ಚಿತ್ರ ಪ್ರಕಟಿಸಿತ್ತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಮಾತ್ರ ಗಾಢವಾಗಿ ಸುಕ್ಕುಗಟ್ಟಿತ್ತು. ದಿನವೂ ಕಿಟಕಿ ಸೀಟಿಗೆ ಓಡುವ ನಮಗೆ ಇದು ಗೊತ್ತಿರಲಿ.

ಟ್ಯೂಬ್ ಓದುವುದು ಹೇಗೆ?

ಎಸ್‌ಪಿಎಫ್ ಎಂಬ ಸಂಖ್ಯೆ ಮುಖ್ಯವಾಗಿ ಯುವಿಬಿಗೆ ಸಂಬಂಧಿಸಿದ್ದು. ಎಸ್‌ಪಿಎಫ್ 30 ಇದ್ದರೆ ಮೂವತ್ತರಲ್ಲಿ ಒಂದು ಪಾಲು ಒಳಬರುತ್ತದೆ, ಅಂದರೆ ಸುಮಾರು ಶೇ 97 ತಡೆ. 50 ಇದ್ದರೆ ಶೇ 98. ಆದ್ದರಿಂದ 100 ಎಂದು ಬರೆದ ಟ್ಯೂಬಿಗೆ ದುಬಾರಿ ಬೆಲೆ ಕೊಡಬೇಕಿಲ್ಲ. ಯುವಿಎಗೆ ‘ಪಿಎ’ ಎಂಬ ಗುರುತಿನ ಮುಂದಿನ ಪ್ಲಸ್ ಚಿಹ್ನೆಗಳನ್ನು ನೋಡಿ. ಮೂರು ಅಥವಾ ನಾಲ್ಕು ಇದ್ದರೆ ಒಳ್ಳೆಯದು. ‘ಬ್ರಾಡ್ ಸ್ಪೆಕ್ಟ್ರಮ್’ ಎಂದಿರಲಿ. ಅವಧಿ ಮುಗಿದಿರಬಾರದು.

ನಾನು ತಂದಿದ್ದ ಟ್ಯೂಬಿನಲ್ಲಿ ಜಿಂಕ್ ಆಕ್ಸೈಡ್ ಮತ್ತು ಟೈಟೇನಿಯಂ ಡೈಆಕ್ಸೈಡ್ ಹೆಚ್ಚಾಗಿದ್ದವು. ಇವು ಒಳ್ಳೆಯ ಖನಿಜಗಳೇ, ಸೂಕ್ಷ್ಮ ಚರ್ಮಕ್ಕೂ ಹೊಂದುತ್ತವೆ. ಆದರೆ ಬಿಳಿಯ ಪುಡಿಗಳಾದ್ದರಿಂದ ನಮ್ಮ ಮೈಬಣ್ಣದ ಮೇಲೆ ಬೂದಿಯಂತೆ ಕಾಣುತ್ತವೆ, ಕ್ಯಾಮೆರಾದ ಫ್ಲ್ಯಾಶ್ ಬಿದ್ದರೆ ಇನ್ನೂ ಬೆಳ್ಳಗೆ. ಮೇಕಪ್ ಕೆಳಗೆ ಹಚ್ಚಲು ಜೆಲ್ ಅಥವಾ ನೀರಿನಂತೆ ಹರಿಯುವ ತೆಳುವಾದ ಬಗೆ ಸುಲಭ. ಮೊಡವೆ ಇದ್ದವರು ‘ನಾನ್ ಕಾಮೆಡೋಜೆನಿಕ್’ ಎಂದು ಬರೆದಿರುವುದನ್ನೂ, ಚರ್ಮ ಉರಿಯುವವರು ಸುವಾಸನೆ ಇಲ್ಲದಿರುವುದನ್ನೂ ಆರಿಸಿ. ಕಪ್ಪು ಕಲೆ ಇದ್ದವರಿಗೆ ಐರನ್ ಆಕ್ಸೈಡ್ ಬೆರೆಸಿದ, ಮೈಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ. ಕಲೆಯನ್ನು ಗಾಢವಾಗಿಸುವ ಬೆಳಕನ್ನೂ ಅದು ಒಂದಿಷ್ಟು ತಡೆಯುತ್ತದೆ. ಬಣ್ಣ ಸರಿಹೊಂದಿದರೆ ಫೌಂಡೇಶನ್ ಖರ್ಚೂ ಉಳಿಯುತ್ತದೆ.

ಎಷ್ಟು ಹಚ್ಚಬೇಕು?

ನಾವೆಲ್ಲ ಎಡವುವುದು ಇಲ್ಲೇ. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಒಂದು ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಮ್ ಹಚ್ಚುತ್ತಾರೆ. ಮುಖ ಸುಮಾರು 500 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಂದು ಗ್ರಾಮ್ ಬೇಕು. ಅಂದರೆ 50 ಗ್ರಾಮಿನ ಟ್ಯೂಬ್, ದಿನಕ್ಕೆ ಒಂದೇ ಸಲ ಹಚ್ಚಿದರೂ, 50 ದಿನಕ್ಕೆ ಮುಗಿಯಬೇಕು. ನಿಮ್ಮದು ಆರು ತಿಂಗಳು ಬಂದಿದ್ದರೆ ನೀವು ಹಚ್ಚುತ್ತಿರುವುದು ಕಾಲು ಭಾಗ ಮಾತ್ರ, ಟ್ಯೂಬಿನ ಮೇಲಿನ ರಕ್ಷಣೆ ನಿಮಗೆ ಸಿಕ್ಕಿಲ್ಲ. ಮನೆಯಲ್ಲಿ ಅಳೆಯಲು ತೋರುಬೆರಳು ಮತ್ತು ಮಧ್ಯದ ಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದುಕೊಳ್ಳಿ. ಮುಖ, ಕುತ್ತಿಗೆ ಎರಡಕ್ಕೂ ಅದು ಸಾಕು.

“ನನ್ನ ಪೌಡರಿನಲ್ಲೇ ಎಸ್‌ಪಿಎಫ್ ಇದೆ” ಎನ್ನುವ ಗೆಳತಿಯರಿದ್ದಾರೆ. ಇದೇ ಲೆಕ್ಕದಲ್ಲಿ ಅವರು ಒಂದು ಗ್ರಾಮ್ ಪೌಡರ್ ಬಳಿದುಕೊಳ್ಳಬೇಕು. ಯಾರೂ ಅಷ್ಟು ಬಳಿದುಕೊಳ್ಳುವುದಿಲ್ಲ.

ಯಾವುದರ ಮೇಲೆ ಯಾವುದು?

ಮುಖ ತೊಳೆದು ಒರೆಸಿ. ಬೇಕಿದ್ದರೆ ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿ. ನಂತರ ಸನ್‌ಸ್ಕ್ರೀನನ್ನು ಒಂದೇ ಸಲ ಬಳಿಯದೆ ಎರಡು ಪದರವಾಗಿ ಹಚ್ಚಿ, ನಡುವೆ ಎರಡು ನಿಮಿಷ ಬಿಡಿ. ಆಮೇಲೆ 15 ನಿಮಿಷ ಮುಖ ಮುಟ್ಟಬೇಡಿ. ಫೌಂಡೇಶನನ್ನು ಉಜ್ಜಬೇಡಿ, ಒದ್ದೆ ಸ್ಪಂಜಿನಿಂದ ತಟ್ಟಿ ಕೂರಿಸಿ. ಉಜ್ಜಿದರೆ ಕೆಳಗಿನ ಪದರ ಕಿತ್ತು ಬರುತ್ತದೆ. ನಾನು ಆ ದಿನ ಅವಸರದಲ್ಲಿ ಒಂದರ ಮೇಲೊಂದು ಬಳಿದು ಉಜ್ಜಿದ್ದೆ. ಇನ್ನೊಂದು ಕಾರಣವೂ ಇದೆ. ನನ್ನ ಸನ್‌ಸ್ಕ್ರೀನ್ ಸಿಲಿಕೋನಿನದು, ಫೌಂಡೇಶನ್ ನೀರಿನದು, ಎರಡೂ ಬೆರೆಯಲಿಲ್ಲ. ಟ್ಯೂಬಿನ ಹಿಂದೆ ‘ಡೈಮೆಥಿಕೋನ್’ ಎಂಬ ಹೆಸರು ಮೊದಲಲ್ಲೇ ಇದ್ದರೆ ಅದು ಸಿಲಿಕೋನ್. ಮದುವೆಗೆ ಒಂದು ವಾರ ಮೊದಲೇ ಒಮ್ಮೆ ಎಲ್ಲವನ್ನೂ ಹಚ್ಚಿ, ಮೊಬೈಲ್ ಫ್ಲ್ಯಾಶ್ ಹಾಕಿ ಫೋಟೊ ತೆಗೆದು ನೋಡಿ.

ಹೊರಗೆ ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಾಲೇಜಿನ ದಿನಗಳಲ್ಲಿ ನನಗೆ ಇದು ಕಷ್ಟವಲ್ಲ. ಝುಹರ್ ನಮಾಜಿಗೆ ವುಜೂ ಮಾಡುವಾಗ ಮುಖ ತೊಳೆದೇ ತೊಳೆಯುತ್ತೇನೆ, ನಮಾಜ್ ಮುಗಿದ ಮೇಲೆ ಮತ್ತೆ ಎರಡು ಬೆರಳು ಹಚ್ಚುತ್ತೇನೆ. ಮೇಕಪ್ ಇರುವ ದಿನ ಬೆವರನ್ನು ಟಿಶ್ಯೂವಿನಿಂದ ಒತ್ತಿ ತೆಗೆದು, ತೆಳು ಸನ್‌ಸ್ಕ್ರೀನನ್ನು ಸ್ಪಂಜಿನಲ್ಲಿ ತಟ್ಟಬಹುದು. ಅದು ಅರೆಬರೆ ಉಪಾಯವೇ, ಆದ್ದರಿಂದ ಅಂದು ಕೊಡೆ, ನೆರಳು ಎರಡೂ ಬೇಕು. ಹಿಜಾಬ್ ಕುತ್ತಿಗೆ, ಕಿವಿಗಳನ್ನು ಕಾಯುತ್ತದೆ. ಮೂಗು, ಕೆನ್ನೆ ಬಿಸಿಲಿಗೇ ಇರುತ್ತವೆ. ರಾತ್ರಿ ಎಲ್ಲವನ್ನೂ ತೊಳೆದು ಮಲಗಿ.

ಕೊನೆಯ ಮಾತು. ಸನ್‌ಸ್ಕ್ರೀನ್ ಯಾರನ್ನೂ ಬೆಳ್ಳಗೆ ಮಾಡುವುದಿಲ್ಲ. ಇರುವ ಬಣ್ಣದಲ್ಲಿ ಚರ್ಮವನ್ನು ಆರೋಗ್ಯವಾಗಿ ಇಡುತ್ತದೆ, ಅಷ್ಟೆ. ನನ್ನ ಕೆನ್ನೆಯ ಉರಿ ಹೋಗಲು ಐದು ತಿಂಗಳು ಹಿಡಿಯಿತು. ಹೋದ ತಿಂಗಳು ಶಿಡ್ಲಘಟ್ಟದಲ್ಲಿ ಖಾಲಾ ಮಗಳ ವಲೀಮಾ ಇತ್ತು. ಆ ಫೋಟೊಗಳಲ್ಲಿ ನನ್ನ ಮುಖ, ಕೈ ಎರಡೂ ಒಂದೇ ಗೋಧಿ ಬಣ್ಣ. ನಿಮ್ಮಲ್ಲಿ ಯಾರಾದರೂ ಇಂದು ಚೀಟಿ ಇಲ್ಲದೆ ತಂದ ಟ್ಯೂಬ್ ಹಚ್ಚುತ್ತಿದ್ದರೆ, ಒಮ್ಮೆ ಅದನ್ನು ತಿರುಗಿಸಿ ಹಿಂಬದಿ ಓದಿ. ಅರ್ಥವಾಗದಿದ್ದರೆ ತೆಗೆದುಕೊಂಡು ಬನ್ನಿ, ಇಬ್ಬರೂ ಕೂತು ಓದೋಣ.